ಬನ್ನಿ ಕೊಡಲು ಹೊರಟ ಬೈಕು

ಇನ್ನು ಮುಂದೆ ನನ್ನ ಬೈಕಿಗೆ ನನ್ನ ಕೈ ಬಿಟ್ಟು ಬೇರೆ ಯಾವ ಮೆಕ್ಯಾನಿಕ್ಕನ ಕೈಯೂ ತಾಗಕೂಡದು! ಹೀಗೆಂದು ನಾನು ಮಹಾನವಮಿಯ ಬೆಳಿಗ್ಗೆ ಗಂಗಾವತಿಯ ನಮ್ಮ ಓಣಿಯ ನಟ್ಟನಡುವೆ ನಿಂತು ಘೋಷಿಸಿದೆ. ಕೇಳಿಸಿಕೊಂಡವರು ಹೆಂಡತಿ ಲಲಿತಾ ಮತ್ತು ಎದುರುಮನೆಯ ಬಾನುಬೀ. ಇಬ್ಬರೂ ಚಪ್ಪಾಳೆ ತಟ್ಟಲಿಲ್ಲ.

ಈ ಭೀಷ್ಮಪ್ರತಿಜ್ಞೆಗೆ ಕಾರಣ ನನ್ನ ಮಾವ, ಹನುಮನಹಳ್ಳಿಯ ಲಕ್ಷ್ಮಣಪ್ಪನವರು. ಹಿಂದಿನ ದಸರೆಗೆ ಅವರ ಮನೆ ಮುಂದೆ ನಾನು ಈ ಸೆಕೆಂಡ್‌ಹ್ಯಾಂಡ್ ಬೈಕನ್ನು ಒದ್ದು ಒದ್ದು ಸುಸ್ತಾಗಿದ್ದಾಗ, ನೆಂಟರೆಲ್ಲರ ಎದುರಿಗೆ, "ಅಳಿಯಂದ್ರ, ಇದನ್ನ ದನದ ಡಾಕ್ಟರಿಗೆ ತೋರಸ್ರಿ" ಎಂದುಬಿಟ್ಟಿದ್ದರು. ನನ್ನ ಬೈಕನ್ನು ಅಂದರೆ ನನ್ನನ್ನು ಅಂದಂತೆ! ಅಂದಿನಿಂದ ಮಾವ-ಅಳಿಯನ ನಡುವೆ ಮಾತಿಲ್ಲ. ಪಾಪ, ಲಲಿತಾ ವರ್ಷವಿಡೀ ಒಬ್ಬಳೇ ಬಸ್ಸು ಹತ್ತಿ ತವರಿಗೆ ಹೋಗಿ, ಒಬ್ಬಳೇ ಬರುತ್ತಿದ್ದಳು.

ನಮ್ಮ ಕಡೆ ಎಂಥ ಜಗಳವಿದ್ದರೂ ದಸರೆಯ ದಿನ ಬನ್ನಿ ಎಲೆ ಕೊಟ್ಟು, 'ಬಂಗಾರದಂಗ ಇರೋಣು' ಎಂದು ಅಪ್ಪಿಕೊಂಡರೆ ಮುಗಿಯಿತು. ಆ ದಿನ ತಪ್ಪಿದರೆ ಮತ್ತೆ ಮುಂದಿನ ದಸರೆಯೇ ಗತಿ.

"ಈ ಸಲ ದೀಪ ಹಚ್ಚೋದ್ರೊಳಗ ಅಪ್ಪಗ ಬನ್ನಿ ಕೊಡಬೇಕ್ರಿ. ಇಲ್ಲಂದ್ರ ನಾನೂ ನಿಮ್ ಜೋಡಿ ಮಾತು ಬಿಡಾಕಿ," ಎಂದಳು ಲಲಿತಾ.

"ಕೊಡೋಣು. ಆದ್ರ ಬಸ್ಸಿನ್ಯಾಗ ಅಲ್ಲ. ಅದs ಬೈಕಿನ ಮ್ಯಾಲೆ, ರಾಜನಂಗ ಹೋಗಿ ಕೊಡೋಣು!"

ರಾಜನ ಕುದುರೆಗೆ ಶೃಂಗಾರ ಬೇಡವೇ? ಬೈಕನ್ನು ತೊಳೆದು, ವಿಭೂತಿ ಬಳಿದು, ಹ್ಯಾಂಡಲ್ಲಿನ ಎರಡೂ ಕಡೆ ಬಾಳೆಕಂದು, ಕಬ್ಬು ಕಟ್ಟಿ, ಮೇಲೆ ಚೆಂಡುಹೂವಿನ ದಪ್ಪ ಮಾಲೆ ಸುತ್ತಿದೆ. ಹಿಂದಿನ ವರ್ಷ ಮಾಲೆ ಬಿಚ್ಚಿಕೊಂಡು ಚಕ್ರಕ್ಕೆ ಸಿಕ್ಕಿತ್ತು. ಆದ್ದರಿಂದ ಈ ಸಲ ಸುತಳಿ ತಂದು ಜಗ್ಗಿ ಜಗ್ಗಿ ಬಿಗಿದೆ. "ನೋಡು ಲಲಿತಾ, ಆನಿ ಬಂದು ಜಗ್ಗಿದ್ರೂ ಈ ಗಂಟು ಬಿಚ್ಚಂಗಿಲ್ಲ!" ಎಂದು ಎದೆಯುಬ್ಬಿಸಿದೆ. ಪಾನಾ, ಸ್ಕ್ರೂಡ್ರೈವರ್‌ಗಳೆಲ್ಲ ಜಗಲಿಯ ಮೇಲೆ ಕುಂಕುಮ ಹಚ್ಚಿಸಿಕೊಂಡು ಕುಳಿತವು. ಆಯುಧ ಪೂಜೆ ಸಾಂಗವಾಗಿ ನೆರವೇರಿತು.

ಮರುದಿನ ಮಧ್ಯಾಹ್ನ ಲಲಿತಾ ರೇಷ್ಮೆ ಸೀರೆಯುಟ್ಟು, ಬನ್ನಿ ಎಲೆಯ ಚೀಲ ಹಿಡಿದು ಹಿಂದೆ ಕುಳಿತಳು. ಕಿಕ್ ಹೊಡೆದೆ. ಮೊದಲ ಒದೆಗೇ ಸ್ಟಾರ್ಟ್! ಗೇರು ಹಾಕಿ ಆಕ್ಸಿಲರೇಟರ್ ತಿರುವಿದೆ. ಇಂಜಿನ್ನು ರೈಸ್ ಮಿಲ್ಲಿನಂತೆ ಒದರಿತು. ಬೈಕು ಮಾತ್ರ ಇರುವೆಗೆ ದಾರಿ ಬಿಟ್ಟುಕೊಡುವಷ್ಟು ನಿಧಾನವಾಗಿ ಹೊರಟಿತು! ನಿನ್ನೆಯವರೆಗೆ ಗಾಳಿಯಂತೆ ಓಡಿದ್ದು ಇದೇ ಬೈಕೇ?

ಬಾನುಬೀ ಬಾಗಿಲಿಗೆ ಬಂದರು. "ಏನ್ ಭಾಯಿ, ಆವಾಜ್ ಕೊಪ್ಪಳಕ್ಕ ಮುಟ್ಟೈತಿ, ಗಾಡಿ ಇನ್ನೂ ನಮ್ಮ ಬಾಗಲದಾಗs ಐತಲ್ಲ?"

"ಲಲಿತಾ, ಸ್ವಲ್ಪ ಇಳಿ," ಎಂದೆ. ಅವಳು ಇಳಿದಳು. ಬೈಕು ತುಸು ಚುರುಕಾಯಿತು.

"ಅಂದ್ರ ನಾನs ಭಾರ ಆಗೀನಿ ಅಂತೀರೇನು?"

"ಛೇ, ನಿಂದಲ್ಲ, ಕ್ಲಚ್ಚಿನ ತಪ್ಪು! ಕ್ಲಚ್ಚು ಜಾರಾಕತ್ತೈತಿ. ತಡಿ, ಒಂದ್ ಗಳಿಗಿ." ನಾನು ಪಾನಾ ತರಲು ಜಗಲಿಯ ಕಡೆ ನಡೆದೆ.

"ಏ ಏ, ಮುಟ್ಟಬ್ಯಾಡ್ರಿ! ಪೂಜಾಕ್ಕ ಇಟ್ಟಿದ್ದನ್ನ ಹಿರಿಯರಿಗೆ ಬನ್ನಿ ಕೊಡೋತನಕ ಮುಟ್ಟಂಗಿಲ್ಲ."

"ಹಂಗಾರ ಹ್ಯಾಂಡಲ್ ಮ್ಯಾಲಿನ ಮಾಲಿನಾದ್ರೂ ತಗದು ನೋಡ್ತೀನಿ."

"ಅದೂ ಪೂಜಾದ್ದs ರೀ!"

ಆಯಿತು. ಪಾನಾ ಇಲ್ಲದಿದ್ದರೇನು, ಪ್ರತಿಭೆ ಇಲ್ಲವೇ? ಅಡುಗೆಮನೆಗೆ ನುಗ್ಗಿ ಇಕ್ಕಳ ಹಿಡಿದು ಬಂದೆ. "ಅದು ಹಾಲಿನ ಬೋಗಾಣಿ ಇಳಸೋದ್ರೀ!" ಎಂಬ ಕೂಗು ನನ್ನ ಕಿವಿಗೆ ಬೀಳಲಿಲ್ಲ. ಇಂಜಿನ್ನಿನ ಹತ್ತಿರ ಕ್ಲಚ್ ಕೇಬಲ್ಲಿನ ನಟ್ಟನ್ನು ಬಲಕ್ಕೆ ತಿರುವಿದೆ, ಇನ್ನಷ್ಟು ಜಾರಿತು. ಎಡಕ್ಕೆ ತಿರುವಿದೆ, ನಟ್ಟೇ ಜಾರಿ ಚರಂಡಿ ಸೇರಿತು. ಹುಡುಕಿ ತೊಳೆದು ಕೂರಿಸಿದೆ. ಆಮೇಲೆ ಗೇರ್ ಪೆಡಲ್ಲಿನ ಮೇಲೆ ಸಂಶಯ ಬಂದು ಅದನ್ನೂ ಬಿಚ್ಚಿ ಜೋಡಿಸಿದೆ. ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರೆ. ಅಂದು ಆ ಬೈಕಿನಲ್ಲಿ ನಾನು ಮುಟ್ಟದ ಸ್ಕ್ರೂ ಇರಲಿಲ್ಲ.

"ಹೊತ್ತು ಇಳೀಲಿಕ್ಕತ್ತೈತ್ರಿ," ಎಂದಳು ಲಲಿತಾ. ಅವಳ ದನಿ ಸಣ್ಣಗಾಗಿತ್ತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಆ ದನಿ ಮಾತ್ರ ಕರುಳಿಗೆ ತಾಕಿತು. "ಹತ್ತು!" ಎಂದೆ.

ಹೊರಟೆವು ನೋಡಿ! ಎರಡೂ ಬದಿ ಹಸಿರು ಭತ್ತದ ಗದ್ದೆ, ನಡುವೆ ಬಾಳೆಕಂದು ಅಲ್ಲಾಡಿಸುತ್ತ ಗರ್ಜಿಸುವ ನಮ್ಮ ಬೈಕು. ಸೈಕಲ್ಲಿನವರು ನಮ್ಮನ್ನು ಹಿಂದಿಕ್ಕಿದರು. ಒಂದು ಎಮ್ಮೆ ಕೂಡ ಹಿಂದಿಕ್ಕಿ, ತಿರುಗಿ ನೋಡಿ ಹೋಯಿತು. ಕಾಲುವೆಯ ಸೇತುವೆ ಹತ್ತಿರ ಬಂದಾಗ ಟಣ್ ಎಂದು ಏನೋ ಬಿತ್ತು.

"ಏನ್ರೀ ಅದು?"

"ಏನಿಲ್ಲ, ಗೇರು."

"ಗೇರು ಬಿತ್ತಾ?!"

ಗೇರ್ ಪೆಡಲ್ಲು ಪುಟಿದು ಕಾಲುವೆಯ ಪಾಲಾಗಿತ್ತು. ಬೈಕು ಎರಡನೇ ಗೇರಿನಲ್ಲಿ ಶಾಶ್ವತವಾಗಿ ನೆಲೆ ನಿಂತಿತ್ತು. ಇನ್ನು ನಿಲ್ಲಿಸಿದರೆ ಕೆಟ್ಟೆವೆಂದು ಹಾಗೇ ನಡೆಸಿದೆ. ಏರು ಬಂದಾಗಲೆಲ್ಲ ಲಲಿತಾ ಇಳಿದು, ರೇಷ್ಮೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಂದಿನಿಂದ ನೂಕಿದಳು. "ರಾಜನಂಗ ಹೋಗೋಣು ಅಂದ್ರಿ, ನೂಕಾಕಿ ರಾಣಿ ಅಂತ ಹೇಳಿದ್ದಿಲ್ಲ!" ಎಂದು ಏದುಸಿರಿನಲ್ಲೇ ಚುಚ್ಚಿದಳು.

ಹನುಮನಹಳ್ಳಿ ಮುಟ್ಟಿದಾಗ ಅಂಜನಾದ್ರಿಯ ಮೇಲೆ ಕೆಂಪು ಬಿಸಿಲು ಒಂದು ಚೂರು ಉಳಿದಿತ್ತು. ಮಾವನ ಮನೆ ಸಣ್ಣ ದಿಬ್ಬದ ಮೇಲೆ. ಅವರು ಹುಲ್ಲಿನ ಬಣವೆಯ ಮುಂದೆ ಕಟ್ಟೆಯಲ್ಲಿ ಕುಳಿತು, ಮುಖ ಆ ಕಡೆ ತಿರುಗಿಸಿಕೊಂಡಿದ್ದರು. ಲಲಿತಾ ಚೀಲದೊಂದಿಗೆ ಮುಂದೆ ಓಡಿದಳು. ನಾನು ಕೊನೆಯ ದಿಬ್ಬಕ್ಕೆಂದು ಆಕ್ಸಿಲರೇಟರನ್ನು ಪೂರ್ತಿ ತಿರುವಿದೆ. ಇಂಜಿನ್ನಿನ ಸದ್ದು ಆಕಾಶಕ್ಕೇರಿತು, ಬೈಕು ದಿಬ್ಬದ ನಡುವೆ ನಿಂತಲ್ಲೇ ನಡುಗಿತು. ಬಿಟ್ಟರೆ ಹಿಂದಕ್ಕೆ ಜಾರುತ್ತದೆ, ಮುಂದಕ್ಕಂತೂ ಹೋಗದು!

ಆಗ ಬಂತು ಮಾವನ ಮನೆಯ ಆಡು.

ನನ್ನ ಮುಖ ನೋಡಿತು. ಬಾಳೆಕಂದು ನೋಡಿತು. ಮಾಲೆಗೆ ಬಾಯಿ ಹಾಕಿ ಜಗ್ಗಿತು.

"ಹಚಾ! ಹಚಾ! ಯಾರಾರ ಹಿಡೀರಿ ಇದನ್ನ! ಪೂಜಾದ್ದು ಅದು!"

ಆಡಿಗೆ ಯಾವ ಪೂಜೆ? ಹೂವು ಮುಗಿಸಿ, ಕಂದು ಮುಗಿಸಿ, ಆನೆ ಜಗ್ಗಿದರೂ ಬಿಚ್ಚದ ನನ್ನ ಸುತಳಿಯನ್ನು ಕಟಂ ಎಂದು ಕಡಿಯಿತು.

ಠಳ್! ಎಡಗೈಯ ಕ್ಲಚ್ ಹಿಡಿಕೆ ಹೊರಕ್ಕೆ ಚಿಮ್ಮಿತು. ಮರುಕ್ಷಣ ಬೈಕು ಹುಲಿಯಂತೆ ನೆಗೆಯಿತು! ದಿಬ್ಬ, ಅಂಗಳ, ಕಟ್ಟೆ ಎಲ್ಲ ಒಟ್ಟಿಗೇ ನನ್ನ ಮೇಲೆ ಬಂದಂತಾಯಿತು. ಬೈಕು ಕಟ್ಟೆಗೆ ಗುದ್ದಿ ಅಲ್ಲೇ ಉರುಳಿತು. ನಾನು ಮಾತ್ರ ಹಾರಿ ಹೋಗಿ, ಗಾಬರಿಯಿಂದ ಎದ್ದು ನಿಂತಿದ್ದ ಮಾವನನ್ನು ಗಟ್ಟಿಯಾಗಿ ಅಪ್ಪಿಕೊಂಡು, ಅವರೊಂದಿಗೆ ಬಣವೆಯೊಳಗೆ ಮುಳುಗಿದೆ.

"ಯಪ್ಪಾ!" ಎಂದು ಚೀರುತ್ತ ಲಲಿತಾ ಓಡಿ ಬಂದಳು. ಹುಲ್ಲಿನೊಳಗಿಂದ ಮೊದಲು ಮಾವನ ರುಮಾಲು ಬಂತು, ಆಮೇಲೆ ಮಾವ ಬಂದರು, ಅವರ ಕುತ್ತಿಗೆಗೆ ಜೋತುಬಿದ್ದು ನಾನು ಬಂದೆ. ಇಬ್ಬರಿಗೂ ಏನೂ ಆಗಿರಲಿಲ್ಲ.

ಮಾವ ಮೈ ಕೊಡವಿಕೊಂಡು, ಬೈಕಿನ ಹತ್ತಿರ ಹೋಗಿ ಕ್ಲಚ್ ಹಿಡಿಕೆಗೆ ಇನ್ನೂ ಅಂಟಿಕೊಂಡಿದ್ದ ಸುತಳಿಯ ತುಂಡು ಎತ್ತಿ ತೋರಿಸಿದರು.

"ಹ್ಯಾಂಡಲ್ ಜೋಡಿ ಕ್ಲಚ್ಚೂ ಸೇರಿಸಿ ಬಿಗದಾರಲ್ಲ! ಅರ್ಧ ಕ್ಲಚ್ಚು ಹಿಡಕೊಂಡs ಗಂಗಾವತಿಯಿಂದ ಬಂದ್ರೇನು? ಯಾರು ಕಟ್ಟಿದ್ದಿದು?"

ನಾನು ಅಂಜನಾದ್ರಿಯನ್ನು ನೋಡಿದೆ. ಲಲಿತಾ ನನ್ನನ್ನು ನೋಡಿದಳು. "ಆನಿ ಬಂದು ಜಗ್ಗಿದ್ರೂ ಬಿಚ್ಚಂಗಿಲ್ಲ ಅಂದಿದ್ರು, ಯಪ್ಪಾ," ಎಂದಳು.

ಮಾವನ ಮೀಸೆ ನಡುಗಿತು. ಆಮೇಲೆ ಹೊಟ್ಟೆ ನಡುಗಿತು. ಒಂದು ವರ್ಷದ ಮೌನವೆಲ್ಲ ನಗೆಯಾಗಿ ಹೊರಬಿತ್ತು. ಲಲಿತಾ ನಗುತ್ತಲೇ ಕಣ್ಣೊರೆಸಿಕೊಂಡಳು. ಇದೇ ಸಮಯವೆಂದು ನಾನು ಚೀಲಕ್ಕೆ ಕೈ ಹಾಕಿ ಹಿಡಿಯಷ್ಟು ಬನ್ನಿ ತೆಗೆದು, ಮಾವನ ಮುಂದೆ ತಲೆ ಬಾಗಿಸಿ ಚಾಚಿದೆ. "ತಗೋರಿ ಮಾವಾರ, ಬಂಗಾರದಂಗ ಇರೋಣು."

ಮಾವ ನನ್ನ ಕೈ ಹಿಡಿದು ಮೆಲ್ಲಗೆ ಆಡಿನ ಕಡೆ ತಿರುಗಿಸಿದರು.

"ನಂದು ಆಮ್ಯಾಲೆ ಇರಲಿ ಅಳಿಯಂದ್ರ. ದನದ ಡಾಕ್ಟರ್ ಬರೋತನಕ ಕಾಯಲಿಲ್ಲ, ಇದs ರಿಪೇರಿ ಮಾಡೈತಿ. ಮೊದಲ ಬನ್ನಿ ಮೆಕ್ಯಾನಿಕ್ಕಿಗೆ ಕೊಡ್ರಿ!"

ಕೊಟ್ಟೆ. ಅದು ಒಂದು ಎಲೆಯನ್ನೂ ಉಳಿಸಲಿಲ್ಲ.