ಷಡ್ಡಕನ ಜಪಾನ್ ಕಾರಿಗೆ ನಾನು ಮಾಡಿದ ಚಿಕಿತ್ಸೆ

ಯಂತ್ರಗಳಿಗೂ ನನಗೂ ಹುಟ್ಟಿನಿಂದಲೇ ಸ್ನೇಹ ಎಂದು ನಾನು ನಂಬಿದ್ದ ಕಾಲ ಅದು. ತೊಂಬತ್ತರ ದಶಕದ ಶುರು. ದೊಡ್ಡಬಳ್ಳಾಪುರದಲ್ಲಿ ನನ್ನವು ನಾಲ್ಕು ಪವರ್‌ಲೂಮ್ ಮಗ್ಗಗಳಿದ್ದವು. ಅವು ಕೆಟ್ಟರೆ ನಾನು ಯಾರನ್ನೂ ಕರೆಯುತ್ತಿರಲಿಲ್ಲ, ಸ್ಪಾನರ್ ಹಿಡಿದು ನಾನೇ ನುಗ್ಗುತ್ತಿದ್ದೆ. ಅರ್ಧ ದಿನದಲ್ಲಿ ಮಗ್ಗ ಓಡುತ್ತಿತ್ತು. ಉಳಿದ ಅರ್ಧ ದಿನ ನಾನು ಕೇರಿಯಲ್ಲಿ ಓಡಾಡಿ ಅದನ್ನು ಎಲ್ಲರಿಗೂ ಹೇಳುತ್ತಿದ್ದೆ.

ಇಂಥ ನನಗೆ ಒಬ್ಬ ಷಡ್ಡಕ. ಹೆಂಡತಿ ಸರೋಜಳ ತಂಗಿಯ ಗಂಡ, ಹೆಸರು ಮೂರ್ತಿ. ಹೊಸಕೋಟೆ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸ. ಕಾರ್ಖಾನೆಯವರು ಅದೇನು ಕಂಡರೋ, ತರಬೇತಿಗೆಂದು ಅವನನ್ನು ಜಪಾನಿಗೆ ಕಳಿಸಿಬಿಟ್ಟರು. ವಾಪಸು ಬಂದ ಮೇಲೆ ಅನ್ನ ಕಲಸುವಾಗ ಜಪಾನು, ಕೈ ತೊಳೆಯುವಾಗ ಜಪಾನು. ಅಲ್ಲಿಂದ ಒಂದು ರಿಮೋಟ್ ಕಾರು ಬೇರೆ ತಂದಿದ್ದ. ಮೊಣಕೈಯುದ್ದದ ಕಾರು. ಕೈಯಲ್ಲೊಂದು ಡಬ್ಬ ಹಿಡಿದು ಅದರ ಕಡ್ಡಿ ಅಲ್ಲಾಡಿಸಿದರೆ ದೂರದಲ್ಲಿ ಇದು ಓಡುತ್ತದೆ. ಮಕ್ಕಳಿಗಲ್ಲವಂತೆ! ಜಪಾನಿನಲ್ಲಿ ಮೀಸೆ ಬಂದವರೇ ಇದನ್ನು ಆಡುತ್ತಾರಂತೆ. ಆ ದೇಶದವರಿಗೆ ಬೇರೆ ಕೆಲಸವಿಲ್ಲವೇ ಎಂದುಕೊಂಡೆ.

ನನ್ನ ಹೊಟ್ಟೆ ಉರಿದದ್ದು ಕಾರಿಗಲ್ಲ, ಬೂದುಗುಂಬಳಕಾಯಿಗೆ. ಬೂದಿಗೆರೆಯ ಮಾವನ ಮನೆಯಲ್ಲಿ ಆಯುಧಪೂಜೆಯ ದಿನ ಟ್ರ್ಯಾಕ್ಟರಿಗೆ ದೃಷ್ಟಿ ತೆಗೆದು ಕಾಯಿ ಒಡೆಯುವ ಗೌರವ ದೊಡ್ಡಳಿಯನಾದ ನನ್ನದು. ಮದುವೆಯಾದಾಗಿನಿಂದ ನಾನೇ ಒಡೆದವನು. ಈ ಸಲ ಹಬ್ಬಕ್ಕೆ ಇನ್ನೂ ದಿನವಿರುವಾಗ ಎಲ್ಲರೂ ಅಲ್ಲಿ ಸೇರಿದ್ದೆವು. ಕಾರು ಅಂಗಳದಲ್ಲಿ ಒಂದು ಸುತ್ತು ಹಾಕಿದ್ದೇ ತಡ, ಮಾವ ಕರಗಿಹೋದರು.

"ಈ ಸಲ ಮೂರ್ತಿಯೋರೇ ಕಾಯಿ ಒಡೀಲಿ. ಜಪಾನ್ ನೋಡ್ಕೊಂಡು ಬಂದವ್ರೆ," ಎಂದರು.

ಜಪಾನಿಗೂ ಕುಂಬಳಕಾಯಿಗೂ ಏನು ಸಂಬಂಧ? ಎಲ್ಲರೆದುರು ನನಗೆ ಭಾರಿ ಅವಮಾನವಾಯಿತು.

ದೇವರು ದೊಡ್ಡವನು. ಅದೇ ಸಂಜೆ ಕಾರು ಕೆಟ್ಟಿತು! ಮೋಟಾರು ಕಿರುಚುತ್ತದೆ, ಕಾರು ಅಲ್ಲಾಡುವುದಿಲ್ಲ.

"ಬಾಲ್ ಡಿಫರೆನ್ಷಿಯಲ್ ಜಾರ್ತಾ ಇದೆ ಅಣ್ಣಾ," ಎಂದ ಮೂರ್ತಿ. "ತುಂಬಾ ನಾಜೂಕು. ಇಲ್ಲಿ ಯಾರ ಕೈಲೂ ಆಗಲ್ಲ."

"ಕೊಡಪ್ಪಾ ಇಲ್ಲಿ. ನಾಲ್ಕು ಮಗ್ಗ ಓಡಿಸೋನಿಗೆ ಈ ಆಟದ ಸಾಮಾನು ದೊಡ್ಡದಾ?" ಎಂದು ಕಿತ್ತುಕೊಂಡು ಮಾವನ ಕಡೆ ತಿರುಗಿದೆ. "ಇದನ್ನ ಓಡಿಸಿಬಿಟ್ರೆ ಕಾಯಿ ಯಾರು ಒಡೀಬೇಕು ಮಾವ?"

ಮಾವ ನಕ್ಕರು. "ಓಡಿಸ್ಕೊಂಡ್ ಬನ್ನಿ ಅಳಿಯಂದ್ರೇ, ನೀವೇ ಒಡೀರಂತೆ."

ಮನೆಗೆ ಬಂದು ಜಗಲಿಯ ಮೇಲೆ ಶಸ್ತ್ರಚಿಕಿತ್ಸೆ ಆರಂಭಿಸಿದೆ. ಹಿಂದಿನ ಎರಡು ಚಕ್ರಗಳ ನಡುವೆ ಒಂದು ಹಲ್ಲಿನ ಚಕ್ರ. ಅದರ ಮೈಯಲ್ಲಿ ಸುತ್ತಲೂ ತೂತುಗಳು, ಒಂದೊಂದರಲ್ಲೂ ಕಾಳುಮೆಣಸಿಗಿಂತ ಸಣ್ಣ ಉಕ್ಕಿನ ಗುಂಡು. ಎರಡೂ ಪಕ್ಕದಲ್ಲಿ ನುಣುಪಾದ ಉಕ್ಕಿನ ಬಳೆ. ಎಲ್ಲವನ್ನೂ ಒತ್ತಿ ಹಿಡಿಯಲು ನಡುವೆ ಒಂದು ಸ್ಕ್ರೂ. ಅಷ್ಟೇ! ಇದಕ್ಕಾ ಇಷ್ಟುದ್ದದ ಹೆಸರು ಎಂದು ತಿರಸ್ಕಾರದಿಂದ ನಕ್ಕು ಸ್ಕ್ರೂ ಬಿಚ್ಚಿದೆ.

ಗುಂಡುಗಳು ಟಣಟಣನೆ ಜಗಲಿ ಇಳಿದು ಬೀದಿಗೆ ಹೊರಟವು.

"ಏನ್ರೀ ಅದು ಸದ್ದು?" ಎಂದು ಸರೋಜ ಈಚೆ ಬಂದಳು.

"ಏನಿಲ್ಲ, ಬಿಡಿಭಾಗಗಳನ್ನ ವಿಂಗಡಿಸ್ತಾ ಇದೀನಿ."

"ಚರಂಡಿ ಪಕ್ಕ ಮಲಗ್ಕೊಂಡಾ?"

ಕೊನೆಗೆ ಅವಳೇ ಪೊರಕೆ ತಂದು ಗುಡಿಸಿದಳು. ಧೂಳನ್ನು ಮೊರಕ್ಕೆ ಹಾಕಿ, ರಾಗಿಯಲ್ಲಿ ಕಲ್ಲು ಆರಿಸಿದಂತೆ ಗುಂಡು ಆರಿಸಿ ಕೊಟ್ಟಳು. ಒಂದು ಮಾತ್ರ ಸಿಗಲಿಲ್ಲ. ಅದೇನು ಮಹಾ ಎಂದು ಸೈಕಲ್ ಶಾಪಿನಿಂದ ಒಂದು ಬೇರಿಂಗ್ ಗುಂಡು ತಂದೆ. ತುಸು ದಪ್ಪವಿತ್ತು, ತೂತಿಗೆ ಬಡಿದು ಕೂರಿಸಿದೆ. ಮಗ್ಗಕ್ಕೆ ಹಾಕುವ ಗ್ರೀಸನ್ನು ಧಾರಾಳವಾಗಿ ಬಳಿದೆ. ಜಪಾನಿನವರು ಕಂಜೂಸುಗಳು, ಸವರಿಯೂ ಸವರದಂತೆ ಬಿಟ್ಟಿದ್ದರು!

ಜೋಡಿಸಿ ಓಡಿಸಿದರೆ ಮೊದಲಿಗಿಂತ ಜೋರಾಗಿ ಕಿರುಚಿತು. ಕಾರು ಮಾತ್ರ ಕೂತಲ್ಲೇ ಕೂತಿತ್ತು. ಈಗ ಅರ್ಥವಾಗುತ್ತದೆ. ಆ ದಪ್ಪ ಗುಂಡೊಂದೇ ಬಳೆಗಳನ್ನು ಎತ್ತಿ ಹಿಡಿದು ಉಳಿದ ಗುಂಡುಗಳಿಗೆ ಕೆಲಸವೇ ಇಲ್ಲದಂತೆ ಮಾಡಿತ್ತು, ಅದೂ ನನ್ನ ಗ್ರೀಸಿನಲ್ಲಿ ಜಾರುತ್ತಿತ್ತು. ಆಗ ಅಷ್ಟೆಲ್ಲ ಯೋಚಿಸುವ ತಾಳ್ಮೆ ಯಾರಿಗಿತ್ತು?

ಕಾರನ್ನು ಎತ್ತಿಕೊಂಡು ಒಂದು ಹಿಂದಿನ ಚಕ್ರವನ್ನು ಕೈಯಿಂದ ಮುಂದಕ್ಕೆ ತಿರುಗಿಸಿದೆ. ಇನ್ನೊಂದು ಹಿಂದಕ್ಕೆ ತಿರುಗಿತು! ಮತ್ತೆ ತಿರುಗಿಸಿದೆ. ಮತ್ತೆ ಹಿಂದಕ್ಕೆ!

"ಸರೋಜಾ, ಸಿಕ್ತು ಕಣೇ ರೋಗ! ಒಂದು ಮುಂದೆ ಹೋದ್ರೆ ಇನ್ನೊಂದು ಹಿಂದೆ ಹೋಗುತ್ತೆ. ಹಿಂಗಾದ್ರೆ ಕಾರು ಎಲ್ಲಿಗೆ ಹೋಗ್ಬೇಕು?"

"ಅವ್ರು ಬೇಕೂಂತಲೇ ಹಂಗೆ ಮಾಡಿರ್ಬೋದು. ಮೂರ್ತಿನ ಒಂದ್ಮಾತು ಕೇಳ್ರೀ."

ಮೂರ್ತಿಯನ್ನು ಕೇಳುವುದೇ! ಅದರ ಬದಲು ಕುಂಬಳಕಾಯಿಯನ್ನೇ ಅವನ ಕೈಗೆ ಕೊಡಬಹುದಿತ್ತು. ನಮ್ಮ ಮಗ್ಗದಲ್ಲಿ ನೂಲು ಸುತ್ತಿದ ಬೀಮ್ ಎಂಬ ಉರುಳೆಯ ಎಡತುದಿ ಮುಂದಕ್ಕೂ ಬಲತುದಿ ಹಿಂದಕ್ಕೂ ತಿರುಗಿದರೆ ಸೀರೆಯಿರಲಿ, ಗೋಣಿಚೀಲವೂ ಬರುವುದಿಲ್ಲ. ಎರಡೂ ಕಡೆ ಒಟ್ಟಿಗೆ ತಿರುಗಬೇಕು, ಇದು ನನ್ನ ಯಂತ್ರಶಾಸ್ತ್ರದ ಮೂಲಮಂತ್ರ. ನಲ್ಲಿ ಪೈಪು ಸೋರಿದರೆ ಎರಡು ಉಂಡೆ ಕಲಸಿ ಮೆತ್ತುವ ಅಂಟು ಮನೆಯಲ್ಲಿತ್ತು. ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು, ಗುಂಡು, ಬಳೆ, ಹಲ್ಲಿನ ಚಕ್ರ ಎಲ್ಲವನ್ನೂ ಸೇರಿಸಿ ಮೆತ್ತಿದೆ. ಬೆಳಿಗ್ಗೆ ಕಲ್ಲಾಗಿತ್ತು. ಒಂದು ಚಕ್ರ ತಿರುಗಿಸಿದರೆ ಇನ್ನೊಂದೂ ವಿಧೇಯವಾಗಿ ಅದೇ ಕಡೆ ತಿರುಗಿತು.

ಕೇರಿಯಲ್ಲಿ ಬಿಟ್ಟೆ. ಬಾಣದಂತೆ ಹೋಯಿತು! ನಮ್ಮ ಕೇರಿಯೆಂದರೆ ಮಗ್ಗದ ಮನೆಗಳ ನಡುವಿನ ನೇರವಾದ ಸಂದಿ. ಕಾರನ್ನು ತಿರುಗಿಸಲು ಜಾಗವೂ ಇಲ್ಲ, ಅಗತ್ಯವೂ ಇಲ್ಲ. ಆ ತುದಿಯಲ್ಲಿ ಎತ್ತಿಕೊಂಡು ಈ ತುದಿಯತ್ತ ಬಿಟ್ಟೆ.

"ಏನ್ ಗುರು, ಜಪಾನಿನೋರಿಗೇ ಬುದ್ಧಿ ಕಲಿಸ್ಬಿಟ್ಟೆ!" ಎಂದ ಪಕ್ಕದ ಮನೆಯ ನಂಜಪ್ಪ. ನಾನು ವಿನಯದಿಂದ ತಲೆಯಾಡಿಸಿದೆ. ವಿನಯ ಸುಳ್ಳು.

ಆಯುಧಪೂಜೆಯ ದಿನ ಮಾವನ ಅಂಗಳದಲ್ಲಿ ಟ್ರ್ಯಾಕ್ಟರು ಬಾಳೆಕಂದು, ಚೆಂಡುಹೂ ಹೊತ್ತು ನಿಂತಿತ್ತು. ನಾನು ಕಾರನ್ನು ನೇರವಾಗಿ ಓಡಿಸಿ ತೋರಿಸಿದೆ. ಮೂರ್ತಿಯ ಮುಖ ಸಪ್ಪಗಾಯಿತು, ನನಗೆ ಪರಮಾನಂದವಾಯಿತು. ಮಾವ ಮಾತಿಗೆ ತಪ್ಪಲಿಲ್ಲ. ಕರ್ಪೂರ ಹಚ್ಚಿದ ಕುಂಬಳಕಾಯಿ ನನ್ನ ಕೈಗೇ ಬಂತು. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಮಾವನಿಗೆ ಉತ್ಸಾಹ ಹೆಚ್ಚಾಯಿತು.

"ದೊಡ್ಡಳಿಯಂದ್ರು ಮುಂದೆ ನಿಂತು ದೃಷ್ಟಿ ತೆಗೀಲಿ. ಮೂರ್ತಿಯೋರೇ, ನೀವು ಕಾರ್ ಬಿಡಿ, ಟ್ರ್ಯಾಕ್ಟರ್ ಸುತ್ತ ಒಂದ್ ಪ್ರದಕ್ಷಿಣೆ ಬರ್ಲಿ!"

ನಾನು ಟ್ರ್ಯಾಕ್ಟರಿನ ಮುಂದೆ ಎಡಮೂಲೆಯ ಎದುರಿಗೆ ನಿಂತು ಗಂಭೀರವಾಗಿ ಕಾಯಿ ನಿವಾಳಿಸತೊಡಗಿದೆ. ಕಾರು ಟ್ರ್ಯಾಕ್ಟರಿನ ಎಡಪಕ್ಕದಿಂದ ರಭಸವಾಗಿ ಬಂತು. ಮೂಲೆಯಲ್ಲಿ ಮೂರ್ತಿ ಕಡ್ಡಿಯನ್ನು ಬಲಕ್ಕೆ ಒತ್ತಿದ. ಮುಂದಿನ ಚಕ್ರಗಳು ತಿರುಗಿದವು, ಕಾರು ತಿರುಗಲಿಲ್ಲ! ಹಿಂದಿನ ಎರಡೂ ಚಕ್ರಗಳು ನನ್ನ ಮೂಲಮಂತ್ರದ ಪ್ರಕಾರ ಒಟ್ಟಿಗೇ ತಳ್ಳಿದವು. ರಂಗೋಲಿಯನ್ನು ಸೀಳಿಕೊಂಡು ಅದು ನೇರ ನನ್ನತ್ತ ಬಂತು.

"ಅಣ್ಣಾ, ಕಾಲು!"

ಕಾಲಿನ ಹರಡಿಗೆ ಬಡಿಯಿತು. ಕೈ ಬಿಟ್ಟೆ. ಕಾಯಿ ಒಡೆಯಿತು. ಅದರ ಕೆಳಗೆ ಕಾರೂ ಒಡೆಯಿತು.

ಮೂರ್ತಿ ಕುಂಬಳದ ತಿರುಳಿನೊಳಗಿಂದ ಕಾರನ್ನು ಎತ್ತಿ ಹಿಂಬದಿ ಬಿಚ್ಚಿ ನೋಡಿದ. "ಇದೇನಣ್ಣಾ, ಕಾಂಕ್ರೀಟಾ?" ಎಂದ. ಆಮೇಲೆ ಇಡೀ ಮನೆಯವರ ಮುಂದೆ ನನಗೆ ಪಾಠವಾಯಿತು. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಹೋಗಬೇಕು, ಒಳಗಿನದು ಕಡಿಮೆ. ಎರಡೂ ಬೇರೆ ಬೇರೆಯಾಗಿ ತಿರುಗಲೆಂದೇ ಆ ಗುಂಡುಗಳು.

"ಕೈಲಿ ತಿರುಗ್ಸಿದ್ರೆ ಒಂದು ಮುಂದೆ, ಒಂದು ಹಿಂದೆ ಹೋಗ್ಬೇಕು ಅಣ್ಣಾ. ಆಗ್ಲೇ ಸರಿಯಾಗಿದೆ ಅಂತ ಅರ್ಥ. ಸ್ಕ್ರೂ ಒಂಚೂರು ಬಿಗಿ ಮಾಡಿದ್ರೆ ಸಾಕಿತ್ತು."

"ಗೊತ್ತಿದ್ರೆ ನೀನೇ ಯಾಕಪ್ಪಾ ಮಾಡ್ಲಿಲ್ಲ?"

"ನಂಗೆ ಭಯ ಅಣ್ಣಾ. ನಿಮ್ಗೆ ಧೈರ್ಯ ಜಾಸ್ತಿ."

ಅಂದರೆ ಆ ಕಾರಿನಲ್ಲಿ ಸರಿಯಾಗಿದ್ದ ಗುಣವನ್ನೇ ನಾನು ಹುಡುಕಿ ಹುಡುಕಿ ಕೊಂದಿದ್ದೆ!

ಮರುವರ್ಷ ಕಾಯಿ ಒಡೆದವನು ಮೂರ್ತಿ. ನನಗೆ ಟ್ರ್ಯಾಕ್ಟರಿನ ಹಿಂಬದಿಯ ಎರಡು ದೊಡ್ಡ ಚಕ್ರಗಳಿಗೆ ನಿಂಬೆಹಣ್ಣು ಇಡುವ ಕೆಲಸ ಕೊಟ್ಟರು. ಸಣ್ಣ ಕೆಲಸ, ಆದರೂ ಶ್ರದ್ಧೆಯಿಂದ ಬಗ್ಗಿದೆ. ಸರೋಜ ಬೆನ್ನ ಹಿಂದೆಯೇ ನಿಂತಿದ್ದಳು.

"ಹಣ್ಣು ಇಟ್ಟು ಈಚೆ ಬನ್ರೀ. ಚಕ್ರ ಮುಟ್ಬೇಡಿ!"

ನಾನು ಮುಟ್ಟಲಿಲ್ಲ. ಒಂದೊಂದು ಚಕ್ರಕ್ಕೂ ಒಂದೊಂದು ಹಣ್ಣು ಇಟ್ಟು, ಇದಾದರೂ ಸರಿಹೋಯಿತಲ್ಲ ಎಂದು ಎದೆಯುಬ್ಬಿಸಿ ನಿಂತೆ. ಮಾವ ಟ್ರ್ಯಾಕ್ಟರನ್ನು ಮುಂದಕ್ಕೆ ಓಡಿಸಿದರು. ನಿಂಬೆಹಣ್ಣು ಒಂದೂ ಜಜ್ಜಿಹೋಗಲಿಲ್ಲ, ಇಟ್ಟಲ್ಲೇ ದುಂಡಗೆ ಕೂತಿದ್ದವು. ನಾನು ಅವನ್ನು ಇಟ್ಟದ್ದು ಚಕ್ರಗಳ ಹಿಂದೆ!