ಸೂಟ್‌ಕೇಸಿನಲ್ಲಿ ಬರಬೇಕಿದ್ದ ಬ್ರೇಕು

ಅಪ್ಪನ ಹಳೆಯ ಷೆವರ್ಲೆ ಕಾರಿಗೆ ಯಾವ ಬ್ರೇಕು, ಮುಂದಿನ ಸ್ಪ್ರಿಂಗು ಎಂಥದ್ದು ಎಂದು ಫ್ಲೋರಿಡಾದಿಂದ ತಂಗಿ ಒದಾಲಿಸ್ ಫೋನಿನಲ್ಲಿ ಕೇಳಿದಳು. ಎವೆಲಿಯೊನ ಗ್ರಹಚಾರ ಶುರುವಾದದ್ದೇ ಅಲ್ಲಿಂದ.

"ನಾಳೆ ನಮ್ಮೂರು ಸಿಯೆನ್‌ಫ್ಯೂಗೋಸ್‌ಗೆ ಬರ್ತಿದೀನಿ. ಸೂಟ್‌ಕೇಸಲ್ಲಿ ಒಂದೇ ಜೊತೆ ಬ್ರೇಕು, ಸ್ಪ್ರಿಂಗಿಗೆ ಜಾಗ ಇರೋದು. ಬ್ರೇಕು ಡ್ರಮ್ಮೋ ಡಿಸ್ಕೋ ಸಂಜೆಯೊಳಗೆ ಹೇಳಣ್ಣ, ಅಂಗಡಿ ಮುಚ್ತಾರೆ."

ಎವೆಲಿಯೊ ಕ್ಲಾರಿನೆಟ್ ಕಲಿಸುವ ಮೇಷ್ಟ್ರು. ಕಾರಿನ ಹೊಟ್ಟೆಯೊಳಗಿನ ಗುಟ್ಟು ಗೊತ್ತಿದ್ದವನು ಅಪ್ಪ ಒಬ್ಬನೇ. ಆತ ಮಣ್ಣಾಗಿ ತಿಂಗಳಾಗುತ್ತ ಬಂದಿತ್ತು. "ಬಾರೋ, ನೋಡ್ಕೋ" ಎಂದು ಎಷ್ಟೋ ಸಲ ಕರೆದಿದ್ದ. ಇವನು ಹೋಗಿರಲಿಲ್ಲ.

ಭಾನುವಾರ ಅಪ್ಪನ ಗೋರಿಗೆ ಹೂವಿಡಲು ಅಮ್ಮ ಹೋಗಬೇಕು. ಹೋದರೆ ಅದೇ ಕಾರಿನಲ್ಲಿ, ಅದೇ ಮುಂದಿನ ಸೀಟಿನಲ್ಲಿ. ಬೇರೆ ಗಾಡಿ ಹತ್ತುವುದಿಲ್ಲವೆಂದು ಹಟ. ಬ್ರೇಕು ಮೂರು ಸಲ ತುಳಿದರೆ ಹೇಗೋ ಹಿಡಿಯುತ್ತಿತ್ತು. ಹೊಸದು ಹಾಕಿಸಿಯೇ ಕರೆದೊಯ್ಯೋಣ ಎಂದುಕೊಂಡ, ಪುಣ್ಯಾತ್ಮ.

ಟಾರ್ಚು ಹಿಡಿದು ಕಾರಿನಡಿ ತೂರಿದ್ದೇ ತಡ, ಎದುರುಮನೆಯ ನಿವೃತ್ತ ಬಸ್ ಡ್ರೈವರ್ ಫೆರ್ಮಿನ್ ಹಾಜರ್.

"ಏನ್ ಮೇಷ್ಟ್ರೇ, ಅಲ್ಲೂ ಪಾಠನಾ?"

ವಿಷಯ ಕೇಳಿ, ಚಕ್ರವನ್ನೂ ಮುಟ್ಟದೆ ಹೇಳಿದ: "ಮುಂದಿನ ಬ್ರೇಕು ಮಾಸ್ಕ್‌ವಿಚ್ ಕಾರಿಂದು. ರಷ್ಯದ ಡ್ರಮ್ಮು."

ಪಕ್ಕದಲ್ಲಿ ಕೂದಲು ಕತ್ತರಿಸುವ ಅಂಗಡಿಯಿಟ್ಟಿದ್ದ ಸೊರೈದಾ ಬಾಗಿಲಿಂದಲೇ ಕೂಗಿದಳು: "ಸ್ಪ್ರಿಂಗು ವೋಲ್ಗಾ ಕಾರಿಂದು ಮಗಾ! ಎಡಗಡೇದು ಒಂಚೂರು ಕುಸಿದಿದೆ, ಬೇಕಾದ್ರೆ ನೋಡು."

"ನೋಡದೇನೆ ಹೆಂಗ್ ಹೇಳ್ತೀರಿ?"

"ನೀನು ಮೊದ್ಲು ಚಕ್ರ ಬಿಚ್ಚಯ್ಯಾ," ಅಂದ ಫೆರ್ಮಿನ್.

ಬಿಚ್ಚಿದ ಚಕ್ರ ಇಳಿಜಾರಿನಲ್ಲಿ ಉರುಳಿ ಸೊರೈದಾಳ ಅಂಗಡಿಗೇ ನುಗ್ಗಿತು. ತಲೆಗೆ ಬಣ್ಣ ಬಳಿಸಿಕೊಳ್ಳುತ್ತಿದ್ದ ಹೆಂಗಸು ಕಿರುಚುತ್ತ ಬೀದಿಗೆ ಓಡಿಬಂದಳು. ಡ್ರಮ್ಮಿಗೆ ಬೀಳಬೇಕಾದ ಸುತ್ತಿಗೆ ಎವೆಲಿಯೊನ ಹೆಬ್ಬೆರಳಿಗೆ ಬಿತ್ತು. ಅಂತೂ ಬಿಚ್ಚಿ ನೋಡಿದರೆ ಇಬ್ಬರೂ ಹೇಳಿದ್ದು ಅಕ್ಷರಶಃ ನಿಜ!

"ನೀವು ದೇವರು ಕಣ್ರೀ!"

ಫೆರ್ಮಿನ್ ತಲೆ ಕೆರೆದುಕೊಂಡ. "ದೇವರೂ ಇಲ್ಲ, ದಿಂಡರೂ ಇಲ್ಲ. ಈ ಬ್ರೇಕು ನಂದು. ನನ್ ಕಾರಿಗೆ ಎಂಜಿನ್ ಸಿಗೋವರೆಗೂ ಇಟ್ಕೊಳ್ಳಿ ಅಂತ ನಿಮ್ಮಪ್ಪನಿಗೆ ಕೊಟ್ಟು ಹನ್ನೊಂದು ವರ್ಷ ಆಯ್ತು. ಎಂಜಿನ್ ಸಿಕ್ಕಿ ಆರು ತಿಂಗಳು. ಹಾಸಿಗೆ ಹಿಡಿದೋರ ಹತ್ರ ಹೆಂಗ್ ಕೇಳ್ಲಿ?"

"ಸ್ಪ್ರಿಂಗು ನಮ್ಮನೆಯವ್ರ ವೋಲ್ಗಾದ್ದು," ಅಂದಳು ಸೊರೈದಾ ಮೆಲ್ಲಗೆ. "ಹೆಂಗೂ ನಿಮಗೆ ಹೊಸದು ಬರ್ತಿದೆಯಲ್ಲಾ..."

ಇಲ್ಲವೆನ್ನಲು ಯಾವ ಬಾಯಿ? ಎವೆಲಿಯೊನೇ ಸ್ಪಾನರ್ ಹಿಡಿದು ಬಿಚ್ಚಿಕೊಟ್ಟ. ನಾಲ್ಕು ಗಂಟೆಗೆ ಷೆವರ್ಲೆ ಇಟ್ಟಿಗೆಗಳ ಮೇಲೆ ಕೂತಿತ್ತು. ಬರಿದಾದ ಜಾಗದ ಫೋಟೋ ತೆಗೆದು, ಅಂಗಡಿಯಲ್ಲಿ ತೋರಿಸೆಂದು ತಂಗಿಗೆ ಕಳಿಸಿದ.

ಐದಕ್ಕೆ ಅವಳ ಫೋನು. "ಅಣ್ಣಾ, ಇದಕ್ಕೆ ಇಲ್ಲಿಂದು ಯಾವ್ದೂ ಕೂರಲ್ವಂತೆ. ರಷ್ಯದ ಸಾಮಾನು ಕೂರ್ಸೋಕೆ ಅಪ್ಪ ಎಲ್ಲಾ ಕತ್ತರಿಸಿಬಿಟ್ಟಿದ್ದಾರೆ. ಬಿಚ್ಚಿರೋ ಹಳೇದನ್ನೇ ತಿರುಗಿ ಹಾಕ್ಕೊಳ್ಳಿ ಅಂತಾರೆ ಅಂಗಡಿಯವ್ರು."

ಎದುರುಮನೆಯಲ್ಲಿ ಹನ್ನೊಂದು ವರ್ಷ ಮಾತಾಡದ ಮಾಸ್ಕ್‌ವಿಚ್ ಕೆಮ್ಮಿ ಹೊರಟಿತು. ಫೆರ್ಮಿನ್‌ನ ಹೆಂಡತಿ ಚಪ್ಪಾಳೆ ತಟ್ಟುತ್ತ ಅಳುತ್ತಿದ್ದಳು. ಬ್ರೇಕು ವಾಪಸ್ ಕೇಳಲು ಬೀದಿಗಿಳಿದ ಎವೆಲಿಯೊ ಅರ್ಧದಿಂದಲೇ ತಿರುಗಿ ಬಂದ.

ಕಣ್ಣು ಮಂಜಾಗಿ ಇಟ್ಟಿಗೆಗಳೂ ಕಾಣದ ಅಮ್ಮ ಗೋಡೆ ಹಿಡಿದುಕೊಂಡು ಬಂದು ಷೆವರ್ಲೆಯ ಮುಂದಿನ ಸೀಟಿನಲ್ಲಿ ಕೂತಳು. ಎವೆಲಿಯೊ ಪಕ್ಕದಲ್ಲಿ ಸ್ಟೀರಿಂಗ್ ಹಿಡಿದು ಕೂತ. ಬೇರೇನು ಮಾಡಬೇಕೋ ತೋಚಲಿಲ್ಲ.

ಅಮ್ಮ ಬಾಗಿಲನ್ನು ಸವರಿದಳು. "ನಿಮ್ಮಪ್ಪ ಬ್ರೇಕ್ ಹಾಕಿದ್ದೇ ಗೊತ್ತಾಗ್ತಿರ್ಲಿಲ್ಲ ಕಣೋ. ಭಾನುವಾರ ನೀನೂ ಹಂಗೇ ಓಡಿಸ್ತೀಯಾ ತಾನೆ?"

"ಹೂಂ ಅಮ್ಮ," ಅಂದ.