ಸುಟ್ಟವರು ಯಾರು?

ನಮ್ಮ ಆಸ್ಪತ್ರೆಯ ಎಡವಟ್ಟುಗಳಿಗೆ ಒಂದು ಶಿಸ್ತಿದೆ. ಯಾರೂ ನೋಡದಿದ್ದಾಗ ಅವು ಆಗುವುದೇ ಇಲ್ಲ. ದೊಡ್ಡವರು ಯಾರಾದರೂ ಕಾಗದ ಪೆನ್ನು ಹಿಡಿದು ಬಂದರೆ ಸಾಕು, ಸಾಲಾಗಿ ಬಂದು ನಿಲ್ಲುತ್ತವೆ.

ನಾನು ತೇನಿಯ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಊರು ಕಂಬಂ ಪಕ್ಕ, ಮನೆಮಾತು ಕನ್ನಡ. ನಮ್ಮವರು ಈ ಕಣಿವೆಗೆ ಬಂದು ಎಷ್ಟೋ ತಲೆಮಾರಾಯಿತು. ನಮ್ಮ ಮಾತು ಕೇಳಿ ತಮಿಳರು ತೆಲುಗು ಅನ್ನುತ್ತಾರೆ, ಬೆಂಗಳೂರಿನವರು ತಮಿಳು ಅನ್ನುತ್ತಾರೆ. ಓದು ಬರಹದ ಕನ್ನಡ ನಾನು ಮೈಸೂರಿನ ಕಾಲೇಜಿನಲ್ಲಿ ಸಂಪಾದಿಸಿದ್ದು.

ಹೋದ ವರ್ಷ ನಮ್ಮಲ್ಲಿ ಸುಟ್ಟಗಾಯದವರಿಗೆಂದೇ ನಾಲ್ಕು ಹಾಸಿಗೆಯ ವಾರ್ಡು ತೆರೆದರು. ಜೊತೆಗೆ ಎರಡು ತಿಂಗಳ ತರಬೇತಿ. ಕಲಿಸಲು ಬೆಂಗಳೂರಿನಿಂದ ಒಬ್ಬ ಡಾಕ್ಟರು ಬಂದರು. ಕೊನೆಯಲ್ಲಿ ಒಂದು ಸುಳ್ಳು ಬೆಂಕಿ ಅವಘಡ ನಡೆಸಿ, ನಾವು ಎಷ್ಟು ಸಿದ್ಧವಾಗಿದ್ದೇವೆಂದು ಅವರು ವರದಿ ಬರೆಯಬೇಕು. ವರದಿ ಚೆನ್ನಾಗಿದ್ದರೆ ವಾರ್ಡು ಉಳಿಯುತ್ತದೆ. ಇಲ್ಲದಿದ್ದರೆ ರೋಗಿಗಳು ಮೊದಲಿನಂತೆ ಮಧುರೈಗೆ ಹೋಗಬೇಕು. ಹಾಗೆ ಹೋದವರು ವ್ಯಾಯಾಮಕ್ಕೆ ತಪ್ಪದೆ ಹೋಗಿಬರುವುದು ಕಷ್ಟ, ಮಡಚಿದ ಕೈ ಮಡಚಿದಂತೆಯೇ ಅಂಟಿಕೊಳ್ಳುತ್ತದೆ. ಅಂಥ ಕೈಗಳನ್ನು ನೋಡಿ ನೋಡಿ ನನಗೆ ಸಾಕಾಗಿತ್ತು. ಆ ನಾಲ್ಕು ಹಾಸಿಗೆ ನನಗೆ ಬೇಕೇ ಬೇಕಿತ್ತು.

ವಾರ್ಡಿನ ಮೊದಲ ರೋಗಿ ಪೆರಿಯಕುಳಂನ ಒಬ್ಬ ಮದುವೆ ಅಡಿಗೆಯವರು, ನಮ್ಮ ಮಾತಿನವರೇ. ಕುದಿಯುವ ಸಾರಿನ ಹಂಡೆ ಮಗುಚಿ ಬಲ ಕಂಕುಳಿಂದ ಮೊಣಕೈವರೆಗೆ ಬೆಂದಿತ್ತು. ವಯಸ್ಸಿನಲ್ಲಿ ಹಿರಿಯರು, ನಾನು ಅವರನ್ನು ಮಾಮ ಅನ್ನುತ್ತಿದ್ದೆ.

೧. ಎಲೆಯ ತುದಿ

ಸುಟ್ಟಗಾಯಕ್ಕೆ ಬಟ್ಟೆ ಅಂಟಿಕೊಳ್ಳುತ್ತದೆ, ಬಾಳೆಲೆ ಅಂಟುವುದಿಲ್ಲ. ಆದ್ದರಿಂದ ಶುದ್ಧಿ ಮಾಡಿದ ಬಾಳೆಲೆ ಹಾಸಿ ಅದರ ಮೇಲೆ ಮಲಗಿಸಿ ಎಂದು ಡಾಕ್ಟರು ಮೊದಲ ದಿನವೇ ಕಲಿಸಿದರು. ಬಾಳೆಲೆಗೆ ನಮ್ಮ ಕಡೆ ಏನು ಬರ? ನರ್ಸಮ್ಮ ಮಂಚದ ಮೇಲೆ ಎಲೆ ಹಾಸಿದರು. ಮಾಮ ನೋಡಿದವರೇ ಹಿಂದೆ ಸರಿದರು.

"ತುದಿ ಎಡಕ್ಕೆ ಇರ್ಬೇಕು ತಾಯಿ. ಇದು ಬಲಕ್ಕದೆ. ನಾನು ಮಲಗಮಾಟೆ, ಆಗಲ್ಲ."

"ಊಟಕ್ಕೆ ಕೂರೋನ ಎಡಕ್ಕೆ ತಾನೇ ತುದಿ? ಇಲ್ಲಿ ಊಟಕ್ಕೆ ಕೂತೋರು ಯಾರು?" ಎಂದರು ನರ್ಸಮ್ಮ.

ನಾವೆಲ್ಲ ಮಂಚ ಸುತ್ತಿ ನೋಡಿದೆವು. ಬಾಗಿಲ ಕಡೆ ನಿಂತರೆ ಒಂದು ಎಡ, ಕಿಟಕಿ ಕಡೆ ನಿಂತರೆ ಇನ್ನೊಂದು ಎಡ. ಕೊನೆಗೆ ಬೆಂಗಳೂರಿನ ಡಾಕ್ಟರನ್ನು ಮಂಚದ ಪಕ್ಕ ನಿಲ್ಲಿಸಿ, ಊಟಕ್ಕೆ ಕೂತವರು ಅವರೇ ಎಂದು ಇಟ್ಟುಕೊಂಡು ಎಲೆ ತಿರುಗಿಸಿದೆವು. ಮಾಮ ಎಲೆಯನ್ನು ಮೇಲಿನಿಂದ ಕೆಳಗೆ ನೋಡಿ ತಲೆಯಾಡಿಸಿದರು.

"ಈಗ ಸರಿ. ಇನ್ನು ನನ್ನ ಬಡಿಸಿ."

೨. ಗುರಿ

ಚಿಕಿತ್ಸೆ ತಂಡದ ಕೆಲಸ, ಎಲ್ಲರೂ ಒಟ್ಟಿಗೆ ಕೂತು ರೋಗಿಯ ಗುರಿ ಏನೆಂದು ಕೇಳಬೇಕು ಎಂಬುದು ಮುಂದಿನ ಪಾಠ. ಆರು ಜನ ಮಂಚದ ಸುತ್ತ ಕೂತೆವು. ಮಾಮ ಎಲ್ಲರನ್ನೂ ಬೆರಳಿನಲ್ಲಿ ಎಣಿಸಿ, "ಆರು ಎಲೆ. ಪಾಯಸ ಬೇಕಾ?" ಎಂದರು.

"ಊಟ ಅಲ್ಲ ಮಾಮ. ವಾಸಿಯಾದ ಮೇಲೆ ನೀವೇನು ಮಾಡ್ಬೇಕು ಅಂತಿದೀರಿ?" ಎಂದೆ ನಾನು.

ಅವರ ಮುಖ ಸಣ್ಣದಾಯಿತು. ಅವರು ಅಡಿಗೆ ಮಾಡುವ ಕಲ್ಯಾಣ ಮಂಟಪದಲ್ಲಿ, ತಲೆಯ ಮೇಲಿನ ಕೊಕ್ಕೆಯಲ್ಲಿ ಅವರ ದೊಡ್ಡ ಸೌಟು ತೂಗುತ್ತದಂತೆ. ಅದನ್ನು ಅವರ ಹೊರತು ಯಾರೂ ಮುಟ್ಟುತ್ತಿರಲಿಲ್ಲ. "ಈಗ ನನ್ನ ತಮ್ಮ ತೆಗೀತಾನೆ ತಾಯಿ. ತೆಗೆದು ಸಾಂಬಾರು ಕೆಡಿಸ್ತಾನೆ. ಆ ಸೌಟನ್ನ ಈ ಕೈಲೇ ನಾನು ತೆಗೀಬೇಕು."

ಅವರ ಕೈ ಆಗ ಭುಜದವರೆಗೂ ಏಳುತ್ತಿರಲಿಲ್ಲ. ಆದರೂ ನರ್ಸಮ್ಮ ಗಂಭೀರವಾಗಿ ಕಡತದಲ್ಲಿ ಬರೆದರು: ದೂರದ ಗುರಿ, ಸೌಟು ತೆಗೆಯುವುದು. ತುರ್ತು ಗುರಿ, ತಮ್ಮನನ್ನು ತಡೆಯುವುದು.

೩. ನೀಟಾದ ಕೈ

ಮನೆಗೆ ಕಳಿಸುವಾಗ ಡಾಕ್ಟರು ತಮ್ಮ ಬೆಂಗಳೂರು ಕನ್ನಡದಲ್ಲಿ ಹೇಳಿದರು: "ಗಾಯಕ್ಕೆ ಕೊಳೆ ತಾಗಬಾರದು. ಯಾವಾಗಲೂ ಕೈಯನ್ನ ನೀಟಾಗಿ ಇಟ್ಕೊಳ್ಳಿ."

ತಮಿಳಿನಲ್ಲಿ ನೀಟು ಅಂದರೆ ಚಾಚು. ನಮ್ಮ ಮನೆಗಳಲ್ಲೂ ಹಾಗೇ. ಮಾಮ ಕೈಯನ್ನು ಆದಷ್ಟು ಮುಂದಕ್ಕೆ ಚಾಚಿ ಹೊರಟವರು, ಇಳಿಸಲೇ ಇಲ್ಲ. ನಾನು ಗೇಟಿನ ಹತ್ತಿರ ಹೋಗಿ ನೋಡುವಾಗ ರಸ್ತೆಯಲ್ಲಿ ಮೂರು ಬಸ್ಸು ನಿಂತಿದ್ದವು. ಬೋಡಿ ಬಸ್ಸು, ಕಂಬಂ ಬಸ್ಸು, ಹಿಂದೆ ದಿಂಡಿಗಲ್ ಬಸ್ಸು. ಎರಡು ಶೇರ್ ಆಟೋ ಬೇರೆ. ಮುಂದಿನ ಬಸ್ಸಿನ ಡ್ರೈವರ್ ತಲೆ ಹೊರಗೆ ಹಾಕಿ ಬೈಯುತ್ತಿದ್ದ: "ಹತ್ತೋದೂ ಇಲ್ಲ, ಕೈ ಇಳಿಸೋದೂ ಇಲ್ಲ! ಏನಯ್ಯಾ ನಿಂಗೆ?"

"ಡಾಕ್ಟರ್ ಹೇಳವ್ರೆ," ಎಂದರು ಮಾಮ.

ವಾರ ಬಿಟ್ಟು ಬಂದಾಗ ಕೈ ಭುಜದ ಮಟ್ಟಕ್ಕೆ ಬಂದಿತ್ತು. ಹೇಳಿದ ವ್ಯಾಯಾಮವನ್ನು ಇಷ್ಟು ಶ್ರದ್ಧೆಯಿಂದ ಮಾಡಿದ ರೋಗಿಯನ್ನು ನೋಡಿಯೇ ಇಲ್ಲ ಎಂದು ಡಾಕ್ಟರು ಹೊಗಳಿದರು. ಅವರು ಹೇಳಿದ್ದು ವ್ಯಾಯಾಮವೇ ಅಲ್ಲ ಎಂದು ನಾನು ನೆನಪಿಸಲಿಲ್ಲ.

ಆದರೆ ಭುಜದಿಂದ ಮೇಲಕ್ಕೆ ಕೈ ಏಳಲಿಲ್ಲ. ನಾನು ಬೇಡಿದೆ, ನಮ್ಮ ಮಾತಿನಲ್ಲಿ ಹೇಳುವುದಾದರೆ ಕೆಂಜಿದೆ, ಗದರಿದೆ, ಗೋಡೆಯ ಮೇಲೆ ಗೆರೆ ಎಳೆದು ಮುಟ್ಟಿಸಲು ನೋಡಿದೆ. ಭಯಕ್ಕೆ ಮಾಮ ಕೈಯನ್ನು ಅಲ್ಲೇ ಹಿಡಿದುಬಿಡುತ್ತಿದ್ದರು.

೪. ಅವಘಡದ ದಿನ

ಸುಳ್ಳು ಅವಘಡಕ್ಕೆ ಮಾಮನ ಕಲ್ಯಾಣ ಮಂಟಪದ ಅಡಿಗೆಮನೆಯನ್ನೇ ಗೊತ್ತುಮಾಡಿದರು. ಆರು ನರ್ಸಿಂಗ್ ಹುಡುಗಿಯರು ಬೀಟ್‌ರೂಟ್ ರಸ ಬಳಿದುಕೊಂಡು ನೆಲದ ಮೇಲೆ ನರಳಿದರು. ಆಸ್ಪತ್ರೆಗೆ ಫೋನ್ ಮಾಡುವ ಕೆಲಸ ಮಾಮನದು. ಅವಘಡ ಯಾವ ದಿನ ಎಂದು ಆಸ್ಪತ್ರೆಯಲ್ಲಿ ಫೋನ್ ಎತ್ತುವ ಹುಡುಗಿಗೆ ಬೇಕೆಂದೇ ಹೇಳಿರಲಿಲ್ಲ. ಆಕೆ ನಿಲಕ್ಕೋಟ್ಟೈ ಕಡೆಯವಳು, ತಮಿಳು ಬಿಟ್ಟರೆ ಬೇರೆ ಬಾರದು.

ಡಾಕ್ಟರು ಮಾಮನಿಗೆ ಹೇಳಿದರು: "ನಾಟಕ ಬೇಡ. ನಿಜವಾಗಿ ಗಾಬರಿಯಾದ್ರೆ ಮನೆಮಾತಲ್ಲಿ ಹೇಗೆ ಕೂಗ್ತೀರೋ ಹಾಗೇ ಕೂಗಿ."

ಮಾಮ ಕೂಗಿದರು: "ಬೇಗ ಬಾ ತಾಯಿ! ಮಂಟಪದಲ್ಲಿ ಆರು ಪೇರು ಸುಟ್ಟುಟ್ರು!"

ನಮ್ಮ ಮನೆಮಾತಿನಲ್ಲಿ ಆರು ಜನ ಸುಟ್ಟುಹೋದರು ಎಂದರ್ಥ. ತಮಿಳಿನ ಕಿವಿಗೆ ಆರು ಜನಕ್ಕೆ ಗುಂಡು ಹೊಡೆದರು ಎಂದರ್ಥ.

"ಯಾರು ಸುಟ್ಟದು?" ಎಂದು ಹುಡುಗಿ ಕಿರುಚಿದಳು.

"ಮೊದಲು ಸುಟ್ಟದು ನಾನ್ ತಾನ್! ಅದು ಎರಡು ತಿಂಗಳ ಹಳೇದು. ಇವರು ಹೊಸಬರು!"

ಹುಡುಗಿ ತರಬೇತಿಯಲ್ಲಿ ಕಲಿತದ್ದನ್ನು ಅಕ್ಷರಶಃ ಮಾಡಿದಳು. ಗುಂಡೇಟಾದರೆ ಮೊದಲು ಪೊಲೀಸರು. ನಾವು ಆಂಬುಲೆನ್ಸಿಗೆ ಕಾಯುತ್ತಿದ್ದರೆ ಜೀಪು ಬಂತು. ಇನ್ಸ್‌ಪೆಕ್ಟರು ಒಳಗೆ ನುಗ್ಗಿ, ಬೀಟ್‌ರೂಟ್ ರಸದ ಮಡುವನ್ನು ನೋಡಿ, ಪಿಸ್ತೂಲು ತೆಗೆದು ಗುಡುಗಿದರು: "ಎಲ್ಲಾರೂ ಕೈ ಎತ್ತಿ!"

ಎಲ್ಲರೂ ಎತ್ತಿದೆವು. ನೆಲದ ಮೇಲೆ ಪ್ರಾಣ ಬಿಡುತ್ತಿದ್ದ ಆರು ಹುಡುಗಿಯರೂ ಎದ್ದು ನಿಂತು ಎತ್ತಿದರು. ನಾನು ಹೆದರಿಕೆಯಿಂದ ಮಾಮನ ಕಡೆ ತಿರುಗಿದೆ. ಅವರ ಬಲಗೈ ಕಿವಿಗೆ ತಾಗುವಂತೆ ನೆಟ್ಟಗೆ ಮೇಲಿತ್ತು. ಮೇಲೆ ಕೊಕ್ಕೆ. ಕೊಕ್ಕೆಯಲ್ಲಿ ಸೌಟು. ಮಾಮ ಅದನ್ನು ಗಪ್ಪನೆ ಹಿಡಿದರು.

"ಆಯುಧ ಕೆಳಗೆ ಹಾಕು!" ಎಂದರು ಇನ್ಸ್‌ಪೆಕ್ಟರು.

"ಇಳಿಸ್ಬೇಡಿ ಮಾಮ! ಹಾಗೇ ಇರಿ!" ಎಂದು ನಾನು ಅಳುತ್ತಾ ಕೂಗಿದೆ.

"ನೋವೇ ಇಲ್ಲ ತಾಯಿ!" ಮಾಮನೂ ಅಳುತ್ತಿದ್ದರು.

"ಕೈ ಎಷ್ಟು ಡಿಗ್ರಿ ಎದ್ದಿದೆ?" ಎಂದರು ಡಾಕ್ಟರು, ತಮ್ಮೆರಡೂ ಕೈ ಮೇಲಿಟ್ಟುಕೊಂಡೇ.

"ನೂರ ಎಪ್ಪತ್ತು ಇರಬಹುದು ಸಾರ್!"

"ಬರ್ಕೊಳ್ಳಿ!"

"ಕೈ ಮೇಲಿದೆ ಸಾರ್!"

ಅಲ್ಲಿ ಕೈ ಕೆಳಗಿದ್ದದ್ದು ಪೊಲೀಸರದು ಮಾತ್ರ. ಏನಾಗುತ್ತಿದೆ ಎಂದು ತಿಳಿಯದಿದ್ದರೂ ಇನ್ಸ್‌ಪೆಕ್ಟರು ತಮ್ಮ ಪುಸ್ತಕ ತೆಗೆದು ನೂರ ಎಪ್ಪತ್ತು ಎಂದು ಬರೆದುಕೊಂಡರು.

ಸುಳ್ಳು ಅವಘಡವನ್ನು ಮುಂದಿನ ವಾರ ಮತ್ತೆ ಮಾಡಬೇಕಾಯಿತು. ಈ ಸಲ ಕೂಗಬೇಕಾದ ಮಾತನ್ನು ಮಾಮನಿಗೆ ತಮಿಳಿನಲ್ಲೇ ಬಾಯಿಪಾಠ ಮಾಡಿಸಿದ್ದೆವು, ಆಂಬುಲೆನ್ಸು ಸರಿಯಾಗಿ ಬಂತು. ಡಾಕ್ಟರು ಒಳ್ಳೆಯ ವರದಿ ಬರೆದರು. ನಾಲ್ಕು ಹಾಸಿಗೆಯೂ ಉಳಿದವು. ಫೋನಿನ ಪಕ್ಕ ಈಗ ಒಂದು ಚೀಟಿ ಅಂಟಿಸಿದೆ: "ಸುಟ್ಟರು ಅಂದರೆ ಮೊದಲು ಕೇಳಿ, ಬೆಂಕಿಯೋ ತುಪಾಕಿಯೋ?"

ಮಾಮನ ಕೊನೆಯ ಕಾಗದದಲ್ಲಿ ಚಿಕಿತ್ಸಾ ತಂಡದ ಹೆಸರು ಬರೆಯುವ ಜಾಗವಿತ್ತು. ಡಾಕ್ಟರು, ನರ್ಸು, ನಾನು. ಮಾಮ ಬಿಡಲಿಲ್ಲ, ಇನ್ಸ್‌ಪೆಕ್ಟರನ್ನೂ ಸೇರಿಸಬೇಕು, ಅದೂ ನನಗಿಂತ ಮೇಲೆ ಎಂದು ಹಟ ಹಿಡಿದರು.

"ಬೇಜಾರು ಮಾಡ್ಕೋಬೇಡ ತಾಯಿ," ಎಂದರು. "ನೀನು ಎರಡು ತಿಂಗಳು ಕೈ ಎತ್ತಿ ಎತ್ತಿ ಅಂತ ಕೆಂಜ್ದೆ. ಅವರು ಒಂದೇ ದಪ ಕೇಳಿದ್ರು."